ಬೋರಯ್ಯನ ಅರ್ಧ ಕೈ

ಕಂಬದಕೊಪ್ಪಲಿನ ಬೋರಯ್ಯ ಹೇಡಿ. ಇದನ್ನು ಮೆತ್ತಗೆ ಹೇಳಬೇಕೆಂದು ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅವನ ಹೆಂಡತಿ ದೇವಿರಮ್ಮನಿಗಂತೂ ಮದುವೆಯಾದ ವರ್ಷದಿಂದಲೇ ಅನ್ನಿಸಿರಲಿಲ್ಲ. ಅವನು ಕಳ್ಳನಲ್ಲ, ಕುಡುಕನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಈ ಕೊನೆಯದನ್ನು ಯಾರಾದರೂ ದೊಡ್ಡ ಗುಣವೆಂದು ಹೊಗಳಿದರೆ ದೇವಿರಮ್ಮ ತಿದ್ದುತ್ತಿದ್ದಳು. "ನನ್ ಮ್ಯಾಲೇನು ಬಂತು, ಅವ್ನು ಯಾವುದುಕ್ಕೂ ಕೈ ಎತ್ತೋನಲ್ಲ. ಕಿವಿಗಂಟ ತಂದು ನಿಲ್ಲುಸ್ತಾನೆ."

ಕಂಬದಕೊಪ್ಪಲು ಕಿರುಗಾವಲಿನಿಂದ ಒಳಕ್ಕೆ, ಕಬ್ಬಿನ ಗದ್ದೆಗಳ ನಡುವೆ, ಬಸ್ಸು ತನಗೆ ಮನಸ್ಸಾದಾಗ ಬರುವ ಊರು. ದೇವಸ್ಥಾನಗಳು ಬೇಕಾದಷ್ಟಿವೆ, ಆದರೆ ಜನ ನಿಜವಾಗಿ ಹೆದರುವುದು ಹಾಲಿನ ಡೇರಿಗೆ. ಯಾರ ಹಾಲಿನ ಗಟ್ಟಿ ಎಷ್ಟು ಡಿಗ್ರಿ ಬಂತು, ಯಾರ ಕ್ಯಾನು ವಾಪಸ್ಸು ಹೋಯಿತು ಎಂಬುದು ಬಿಸಿಲೇರುವ ಮೊದಲೇ ಊರಿಗೆಲ್ಲ ತಿಳಿಯುತ್ತದೆ. ಆ ಡೇರಿಯ ಆಡಳಿತ ಮಂಡಳಿಯಲ್ಲಿ ಬೋರಯ್ಯ ಬಹಳ ಕಾಲದಿಂದ ನಿರ್ದೇಶಕ. ಎರಡು ಪಾರ್ಟಿಯವರೂ ಒಬ್ಬರಿಗೊಬ್ಬರು ಆಗದ ಹೆಸರುಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದುಕೊಳ್ಳುತ್ತಿದ್ದ ಹೆಸರು ಅವನದು.

ಮಂಡಳಿಯಲ್ಲಿ ಎಲ್ಲವೂ ಕೈ ಎತ್ತಿಯೇ ತೀರ್ಮಾನವಾಗುತ್ತಿತ್ತು. ಬೋರಯ್ಯ ಕೂರುತ್ತಿದ್ದುದು ಗೋಡೆಗೆ ತಾಗಿದ ಕೊನೆಯ ಕುರ್ಚಿಯಲ್ಲಿ. ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತದೆ, ಏಳುವ ಕೈಗಳೂ ಕಾಣುತ್ತವೆ. ಅಧ್ಯಕ್ಷರು "ಒಪ್ಪೋರು ಕೈ ಎತ್ತಿ" ಎಂದ ಕೂಡಲೇ ಅವನ ಬಲಗೈ ಕಿವಿಯ ಹತ್ತಿರ ಹೋಗಿ ಕೆರೆಯತೊಡಗುತ್ತಿತ್ತು. ಮುಂದಿನ ಕೈಗಳು ಹೆಚ್ಚಾದರೆ ಕೆರೆತ ನಿಂತು ಕೈ ಮೇಲಕ್ಕೆ ಹೋಗುತ್ತಿತ್ತು. ಕಮ್ಮಿಯಾದರೆ ಇಳಿದು ತೊಡೆಯ ಮೇಲೆ ಬೀಳುತ್ತಿತ್ತು. ಸಮಸಮವಾದ ದಿನ ಅದು ಕಿವಿಯಲ್ಲೇ ಇರುತ್ತಿತ್ತು, ಎರಡು ಕಡೆಯವರೂ ಅವನನ್ನು ತಮ್ಮವನೆಂದು ಲೆಕ್ಕ ಹಿಡಿದುಕೊಳ್ಳುತ್ತಿದ್ದರು. ಊರು ಇದಕ್ಕೆ ಬೋರಯ್ಯನ ಅರ್ಧ ಕೈ ಎಂದು ಹೆಸರಿಟ್ಟಿತ್ತು. ಹೆಣ್ಣು ನೋಡಲು ಬಂದವರು ಹೂಂ ಎನ್ನದೆ ಊಹೂಂ ಎನ್ನದೆ ಉಪ್ಪಿಟ್ಟು ತಿಂದು ಹೊರಟರೆ, "ಅರ್ಧ ಕೈ ಎತ್ತಿ ಓದ್ರು" ಎನ್ನುವಷ್ಟು ಅದು ಬಳಕೆಗೆ ಬಂದಿತ್ತು.

ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ ಮುದುಕ ಕಣ್ಣು ಕಾಣದೆ ಕೆಲಸ ಬಿಟ್ಟಾಗ ಆ ಜಾಗಕ್ಕೆ ಇಬ್ಬರು ಅರ್ಜಿ ಹಾಕಿದರು. ಒಬ್ಬ, ನಿರ್ದೇಶಕ ಮಹದೇವುವಿನ ಅಕ್ಕನ ಮಗ. ಮಹದೇವುವಿನ ಅಕ್ಕನ ಮಗ ಎಂಬುದೇ ಅವನ ವಿದ್ಯಾರ್ಹತೆ. ಇನ್ನೊಬ್ಬಳು ನಾಲೆಯ ಆಚೆ ಬೀದಿಯ ಲಿಂಗಯ್ಯನ ಮಗಳು ಅರುಂಧತಿ, ಮಳವಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿದವಳು. ನಾಲೆಯ ಆಚೆಯವರು ದಲಿತರು. ಅವರ ಹಾಲು ವರ್ಷಗಟ್ಟಲೆ ಊರ ಹಾಲಿನ ಜತೆ ಬೆರೆತು ಹೋಗಿತ್ತು, ಅದರಿಂದ ಯಾರ ಜಾತಿಯೂ ಕೆಟ್ಟಿರಲಿಲ್ಲ. ಆದರೆ ಆ ಬೀದಿಯ ಹುಡುಗಿ ಎಲ್ಲರ ಕ್ಯಾನಿಗೂ ಕೈ ಹಾಕುತ್ತಾಳೆಂದರೆ ಮಹದೇವುವಿಗೆ ಇದ್ದಕ್ಕಿದ್ದಂತೆ ಶುಚಿತ್ವದ ಚಿಂತೆ ಹತ್ತಿಕೊಂಡಿತು. ಇವನು ಕೊಟ್ಟಿಗೆಯಿಂದ ನೇರ ಊಟಕ್ಕೆ ಕೂರುವ ಮನುಷ್ಯ. ಅಧ್ಯಕ್ಷ ಕೆಂಪಸಿದ್ದಯ್ಯ ಅರುಂಧತಿಯ ಕಡೆ ನಿಂತ. ನ್ಯಾಯದ ಮೇಲಿನ ಪ್ರೀತಿಯೇನಲ್ಲ; ಮಹದೇವು ಹೂಂ ಎಂದದ್ದಕ್ಕೆಲ್ಲ ಊಹೂಂ ಎನ್ನುವುದು ಅವನು ಹಿಡಿದ ವ್ರತ.

ಸಭೆ ನಡೆದದ್ದು ಸಂಜೆ, ಹಾಲು ಹಾಕುವ ಹೊತ್ತಿನಲ್ಲಿ. ದೇವಿರಮ್ಮ ಕ್ಯಾನು ಹಿಡಿದು ಸಾಲಿನಲ್ಲಿದ್ದಳು. ಸಾಲು ಸಭೆಯ ಕೋಣೆಯ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದುದರಿಂದ ಊರಿನ ಹೆಂಗಸರಿಗೆ ಮಂಡಳಿಯ ಗುಟ್ಟುಗಳೆಲ್ಲ ನಿರ್ದೇಶಕರಿಗಿಂತ ಮೊದಲು ತಿಳಿಯುತ್ತಿದ್ದವು. ಮಹದೇವು ಅಕ್ಕನ ಮಗನ ವಿಜಯವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಲೆಂದು ಶುರುವಿನಿಂದಲೇ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

"ಅರುಂಧತಿ ಆಗ್ಲಿ ಅನ್ನೋರು ಕೈ ಎತ್ತಿ" ಎಂದ ಕೆಂಪಸಿದ್ದಯ್ಯ. ಕೈಗಳು ಎದ್ದವು. ಎಣಿಸಿದರೆ ಸಮಸಮ. ಎಲ್ಲರೂ ಕತ್ತು ತಿರುಗಿಸಿ ಬೋರಯ್ಯನ ಕಿವಿ ನೋಡಿದರು.

ಕೈ ಕಿವಿಯ ಹತ್ತಿರ ಹೋಗಲೇ ಇಲ್ಲ. ತೊಡೆಯಿಂದ ಚಿಮ್ಮಿ, ಕಿವಿ ದಾಟಿ, ತಲೆಯ ಮೇಲಕ್ಕೆ ಹೋಯಿತು. ಅದು ಇಳಿಯುವ ಮೊದಲೇ ಕೆಂಪಸಿದ್ದಯ್ಯ "ಆಯ್ತು, ಬರ್ಕಳಿ" ಎಂದ. ಅವನು ಜೀವಮಾನದಲ್ಲಿ ಅಷ್ಟು ಬೇಗ ಯಾವ ಕೆಲಸವನ್ನೂ ಮುಗಿಸಿದವನಲ್ಲ.

ಮಹದೇವು ಎದ್ದು ನಿಂತಿದ್ದ. "ಬೋರಣ್ಣೋ, ಇದೇನಣ್ಣ ಇದು? ಕಿವಿ ಕೆರ್ಕಳದು ಮರ್ತೋಯ್ತಾ?"

ಬೋರಯ್ಯ ತೊಡೆಗೆ ಮರಳಿದ ಕೈಯನ್ನು, ಪಕ್ಕದವನ ಕೈ ತಪ್ಪಿ ತನ್ನ ಮೇಲೆ ಬಿದ್ದಿದೆಯೇನೋ ಎಂಬಂತೆ ನೋಡುತ್ತಿದ್ದ.

ಮನೆಯಲ್ಲಿ ದೇವಿರಮ್ಮ ವಿಚಾರಣೆ ನಡೆಸಿದಳು.

"ಯಾರು ಏಳಿದ್ರು ನಿಂಗೆ ಕೈ ಎತ್ತು ಅಂತ?"

"ಯಾರೂ ಏಳ್ನಿಲ್ಲ."

"ಮತ್ತೆ?"

"ಎದ್ದೋಯ್ತು ಕಣೆ."

"ಎದ್ದೋಗಾಕೆ ಅದೇನು ಕೋಳಿಯಾ?"

ಮಾರನೆಯ ದಿನ ಮಹದೇವುವಿನ ಕಡೆಯವರು ಬಂದು ಕೇಳಿದಾಗಲೂ ಬೋರಯ್ಯ "ಎದ್ದೋಯ್ತು" ಎಂದ. ಲಿಂಗಯ್ಯ ಬಂದು ಜಗಲಿಯ ಕೆಳಗೆ ನಿಂತು ಕೈ ಮುಗಿದಾಗ ಮಾತ್ರ, "ಇರ್ಲಿ ಬುಡು ಲಿಂಗಯ್ಯ, ಉಡ್ಗಿ ಓದವ್ಳೆ" ಎಂದ. ಒಂದೇ ಕೈಗೆ ಎರಡು ಮನೆಯವರ ಹತ್ತಿರ ಎರಡು ಲೆಕ್ಕ. ಇದನ್ನು ಕೇಳಿ ದೇವಿರಮ್ಮನಿಗೆ ಸ್ವಲ್ಪ ಸಮಾಧಾನವೇ ಆಯಿತು. ಗಂಡ ತೀರ ಕೆಟ್ಟುಹೋಗಿರಲಿಲ್ಲ.

ಅರುಂಧತಿ ಕೆಲಸಕ್ಕೆ ಕೂತಳು, ಸದ್ಯಕ್ಕೆ ತಾತ್ಕಾಲಿಕ, ಖಾಯಂ ಮಾಡುವುದು ಮುಂದಿನ ಮಾತು ಎಂದು. ಕೂತ ವಾರದಲ್ಲೇ ದೇವಿರಮ್ಮನ ಹಾಲು ವಾಪಸ್ಸು ಬಂತು. ಬೆಳಗಿನ ಹಾಲಿಗೆ ಒಂದು ಚೊಂಬು ನೀರು ಸೇರಿಸುವುದು ದೇವಿರಮ್ಮನ ದೃಷ್ಟಿಯಲ್ಲಿ ಮೋಸವಲ್ಲ. ಕ್ಯಾನು ತೊಳೆದ ನೀರನ್ನು ಸುಮ್ಮನೆ ಚೆಲ್ಲಬಾರದೆಂಬ ಮನೆವಾರ್ತೆ. ಹಿಂದಿನ ಮುದುಕ ಕಣ್ಣು ಕಾಣದ ಕಾರಣ ಅದನ್ನು ಗೌರವಿಸಿಕೊಂಡು ಬಂದಿದ್ದ.

"ಅಮ್ಮ, ಡಿಗ್ರಿ ಬಂದಿಲ್ಲ. ಇವತ್ತು ಹಾಕ್ಕೊಳ್ಳೋಕಾಗಲ್ಲ" ಎಂದಳು ಅರುಂಧತಿ.

"ನನ್ ಗಂಡ ಕೈ ಎತ್ತಿ ಕೂರ್ಸಿರೋದು ಕಣಮ್ಮಿ ನಿನ್ನ ಈ ಸ್ಟೂಲಿನ ಮ್ಯಾಲೆ."

"ಹೌದಮ್ಮ. ಅವ್ರು ಕೈ ಎತ್ತಿದ್ರು. ನೀವು ಚೊಂಬು ಎತ್ತಿದ್ದೀರಿ."

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅವರ ನಗು ಹೆಚ್ಚು ದಿನ ಉಳಿಯಲಿಲ್ಲ, ಅವರ ಕ್ಯಾನುಗಳೂ ಒಂದೊಂದಾಗಿ ವಾಪಸ್ಸು ಬಂದವು. ಸಂಕ್ರಾಂತಿಯ ಹೊತ್ತಿಗೆ ಅರುಂಧತಿ ಬೇಡವೆನ್ನುವುದಕ್ಕೆ ಊರಿನಲ್ಲಿ ಜಾತಿಯ ಮಾತೆತ್ತುವ ಅಗತ್ಯವೇ ಇರಲಿಲ್ಲ. ನೀರು ಎಲ್ಲ ಜಾತಿಯವರನ್ನೂ ಒಂದು ಮಾಡಿತ್ತು.

ಅಷ್ಟರಲ್ಲಿ ಬೋರಯ್ಯನ ಕೈ ತನ್ನ ಪಾಡಿಗೆ ತಾನು ಏಳತೊಡಗಿತ್ತು. ಊಟಕ್ಕೆ ಕೂತು ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದಂತೆ ಬಲಗೈ ಚಕ್ಕನೆ ಮಡಚಿ ಮೇಲಕ್ಕೆ ಎಗರುತ್ತಿತ್ತು, ಉಪ್ಸಾರು ಗೋಡೆಗೆ ಬೀಳುತ್ತಿತ್ತು. ಆಮೇಲೆ ಏನೂ ಆಗದವನಂತೆ ಇನ್ನೊಂದು ತುತ್ತು ಮುರಿಯುತ್ತಿದ್ದ. ಕೆಲವು ಸಲ ತೋಳಿನ ಕೂದಲೆಲ್ಲ ನೆಟ್ಟಗೆ ನಿಲ್ಲುತ್ತಿತ್ತು, ಚಳಿಯಿಲ್ಲ, ಹೆದರಿಕೆಯಿಲ್ಲ. ದೇವಿರಮ್ಮ ಗೋಡೆ ಒರೆಸುತ್ತ, "ಡೇರೀಲಿ ಎತ್ತಿದ್ದು ಸಾಲ್ದು ಅಂತ ಮನೇಲೂ ಓಟು ಆಕ್ತಾ ಅವ್ನೆ" ಎಂದಳು.

ಮಗ ರಘುನಂದನ್ ಮಳವಳ್ಳಿಯಲ್ಲಿ ಕರೆಂಟು ಆಫೀಸಿನ ಗುಮಾಸ್ತ. ಅವನ ತೀರ್ಮಾನ ಖಚಿತವಾಗಿತ್ತು. "ನಾಟಕ ಕಣವ್ವ. ಮಾದೇವಣ್ಣನ ಕಾಟ ತಪ್ಪುಸ್ಕಳಾಕೆ ಕೈ ಸರಿ ಇಲ್ಲ ಅಂತ ತೋರುಸ್ತಾ ಅವ್ನೆ." ಓದಿದವನಾದ್ದರಿಂದ ಅವನ ಮಾತಿಗೆ ಬೆಲೆಯಿತ್ತು, ಆ ಬೆಲೆಗೆ ಸರಿಯಾಗಿ ಮನೆಯವರು ಕೆಲವು ವಾರ ಸುಮ್ಮನಿದ್ದರು.

ಸುಮ್ಮನಿರಲಾಗದ ಕಾಲ ಬಂದಾಗ ಎಲ್ಲ ಬಾಗಿಲನ್ನೂ ತಟ್ಟಿದರು. ಮಳವಳ್ಳಿಯ ಒಬ್ಬ ಡಾಕ್ಟರು ಕತ್ತಿನ ನರ ಎಂದು ಪಟ್ಟಿ ಕಟ್ಟಿದರು. ಇನ್ನೊಬ್ಬರು ಟೆನ್ಷನ್ ಎಂದು ನಿದ್ರೆಯ ಮಾತ್ರೆ ಕೊಟ್ಟರು. ಮದ್ದೂರಿನ ಹತ್ತಿರ ನರ ಹಿಡಿಯುವವನೊಬ್ಬ ತೋಳು ಎಳೆದು, ಇದ್ದ ಕಾಯಿಲೆಗೆ ಭುಜದ ನೋವನ್ನು ಸೇರಿಸಿ ಕಳಿಸಿದ. ಊರಿನ ಪಟ್ಟಲದಮ್ಮನ ಪೂಜಾರಿ ನಿಂತ ಕೂದಲು ನೋಡಿ, ಅಮ್ಮ ಮೈ ಮೇಲೆ ಬರಲು ದಾರಿ ನೋಡುತ್ತಿದ್ದಾಳೆ ಎಂದ. ದೇವಿರಮ್ಮ ಇದನ್ನು ಒಪ್ಪಲಿಲ್ಲ. ಅವಳಿಗೆ ದೇವರ ಮೇಲೆ ಭಕ್ತಿಯಿತ್ತು. "ಅಮ್ಮುಂಗೆ ಊರಲ್ಲಿ ಬ್ಯಾರೆ ಯಾರೂ ಸಿಗ್ನಿಲ್ವಾ?" ಎಂದು ಕೇಳಿ ಪೂಜಾರಿಯನ್ನು ಕಳಿಸಿದಳು.

ಆಮೇಲೆ ಮರೆವು ಶುರುವಾಯಿತು. ಕರೆದ ಹಸುವಿನ ಕೆಳಗೆ ಮತ್ತೆ ಕೂತು ಹಾಲಿಲ್ಲವೆಂದು ಅದನ್ನೇ ಬಯ್ಯುತ್ತಿದ್ದ. ನಾಲೆಯಿಂದ ನೀರು ಬಿಡಲು ಹೋದವನು ಗದ್ದೆಯ ಬದುವಿನ ಮೇಲೆ ಯಾಕೆ ಬಂದೆನೆಂದು ತಿಳಿಯದೆ ನಿಂತಿರುತ್ತಿದ್ದ. ಒಂದು ಬೆಳಿಗ್ಗೆ ಕಾಫಿ ಕೊಟ್ಟ ದೇವಿರಮ್ಮನನ್ನು ಬಹಳ ಮರ್ಯಾದೆಯಿಂದ ನೋಡಿ, "ನೀವು ಯಾರ್ ಮನೆಯೋರವ್ವ?" ಎಂದ.

ಜೀವನದಲ್ಲಿ ಮೊದಲ ಸಲ ಗಂಡ ಬಹುವಚನದಲ್ಲಿ ಮಾತಾಡಿಸಿದ್ದು ದೇವಿರಮ್ಮನಿಗೆ ಹಿಡಿಸಲಿಲ್ಲ. ಅವಳು ಲೋಟ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮಗನಿಗೆ ಫೋನು ಮಾಡಿದಳು. "ಕಾರು ತಕ್ಕಂಡ್ ಬಾ. ನಾಟ್ಕ ಇನ್ನು ನಂಗೆ ನೋಡಾಕಾಗಲ್ಲ."

ಮಂಡ್ಯದ ನರರೋಗದ ಡಾಕ್ಟರು ರವಿಚಂದ್ರ ಹೆಚ್ಚು ಮಾತಿನವರಲ್ಲ. ಕೈ ದಿನಕ್ಕೆ ಎಷ್ಟು ಸಲ ಹೀಗಾಗುತ್ತದೆ ಎಂದು ಕೇಳಿದರು.

"ಲೆಕ್ಕ ಇಡಾಕೆ ನಾನೇನು ಡೇರಿ ಸೆಕ್ರೆಟ್ರಿಯಾ ಸ್ವಾಮಿ? ಒಂದು ಮುದ್ದೆ ಉಣ್ಣೋ ಅಷ್ಟ್ರಲ್ಲಿ ಎಲ್ಡು ಮೂರ್ ಸಲ."

ಡಾಕ್ಟರು ಕೈಯನ್ನೇ ನೋಡುತ್ತ ಕೂತರು. ಕೈ ಮೇಜಿನ ಮೇಲೆ ಮಲಗಿತ್ತು. ಸಾಕ್ಷಿ ಹೇಳಬೇಕಾದ ಕಡೆ ಸುಮ್ಮನಿರುವುದು ಬೋರಯ್ಯನ ಸ್ವಭಾವ, ಅವನ ಕೈಯೂ ಅದನ್ನೇ ಪಾಲಿಸಿತು. ಹೊರಗೆ ರೋಗಿಗಳು ಕಾಯುತ್ತಿದ್ದರು. ಆಗ ರಘುನಂದನ್ ತಲೆ ಕೆರೆದುಕೊಂಡು, "ಒಂದು ವಿಡಿಯೋ ಐತೆ ಡಾಕ್ಟ್ರೆ, ನಮ್ಮಪ್ಪನ್ ಮಾನ ತೆಗೆಯಾಕೆ ಅಂತ ಊರೋರು ಗುಂಪಿಗೆ ಹಾಕಿದ್ದು" ಎಂದು ಫೋನು ಮುಂದಿಟ್ಟ.

ಡೇರಿಯ ಸಭೆ. ಡಾಕ್ಟರು ಅದನ್ನು ಹಿಂದೆ ಮುಂದೆ ಮಾಡಿ ಮೂರು ಸಲ ನೋಡಿದರು. "ಎಲ್ರೂ ಕೈನೇ ನೋಡಿದ್ದೀರಿ. ಮುಖ ನೋಡಿ" ಎಂದರು.

ದೇವಿರಮ್ಮ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದಳು. ಕೈ ಎತ್ತುವ ಮಾತು ಇನ್ನೂ ಬಂದಿರಲಿಲ್ಲ, ಕೆಂಪಸಿದ್ದಯ್ಯ ಹಿಂದಿನ ಸಭೆಯ ವರದಿ ಓದುತ್ತಿದ್ದ. ಹಿಂದೆ ಗೋಡೆಯ ಹತ್ತಿರ ಬೋರಯ್ಯನ ಬಲಗೈ ಸಣ್ಣಗೆ ಮಡಚಿ ಎದ್ದು ಬಿತ್ತು. ಅದೇ ಕ್ಷಣಕ್ಕೆ ಬಲಗೆನ್ನೆ ಯಾರೋ ದಾರ ಕಟ್ಟಿ ಜಗ್ಗಿದಂತೆ ಎಳೆದುಕೊಂಡು ಬಿಟ್ಟಿತು. ಉಸಿರು ಒಳಗೆ ಎಳೆದು ಹೊರಗೆ ಬಿಡುವಷ್ಟು ಹೊತ್ತು. ಮುಂದೆ ಓಡಿಸಿದರೆ ಮತ್ತೊಂದು ಸಲ. ಇಷ್ಟು ವರ್ಷ ಆ ಮುಖದ ಎದುರು ಕೂತು ಉಂಡ ದೇವಿರಮ್ಮನಿಗೆ ಇದು ಕಂಡಿರಲಿಲ್ಲ. ಅವಳು ಗೋಡೆಗೆ ಬಿದ್ದ ಸಾರನ್ನು ನೋಡುತ್ತಿದ್ದಳು.

"ಇದು ಒಂದು ತರದ ಫಿಟ್ಸು" ಎಂದರು ಡಾಕ್ಟರು.

"ಫಿಟ್ಸು ಅಂದ್ರೆ ನೊರೆ ಬಂದು ಬೀಳೋದಲ್ವಾ? ಕೈಗೆ ಕಬ್ಬಿಣ ಕೊಡ್ತಾರಲ್ಲ?"

"ಎಲ್ಲ ಫಿಟ್ಸೂ ಹಾಗಿರಲ್ಲ. ಕಬ್ಬಿಣ ಯಾವುದಕ್ಕೂ ಕೊಡ್ಬಾರದು." ಆಮೇಲೆ ಅವರು ನಿಧಾನವಾಗಿ ಹೇಳಿದರು. ಹೊರಗಿನ ರೋಗ ಬಂದರೆ ಹೊಡೆದೋಡಿಸಲೆಂದು ಮೈಯಲ್ಲಿ ಒಂದು ಕಾವಲು ಪಡೆ ಇರುತ್ತದೆ. ಅದು ದಾರಿ ತಪ್ಪಿ, ಮಿದುಳನ್ನೇ ಹೊರಗಿನದೆಂದು ತಿಳಿದು ಅದರ ಮೇಲೆ ಬಿದ್ದಿದೆ. ಅದಕ್ಕೇ ಮಿದುಳಿಗೆ ಉರಿಯೂತ, ಅದಕ್ಕೇ ಕೈ, ಕೆನ್ನೆ, ನಿಂತ ಕೂದಲು, ಮರೆವು ಎಲ್ಲ.

"ಅಂದ್ರೆ ಒಳಗಿನೋರೇ ಮಾಡಿರೋದು" ಎಂದಳು ದೇವಿರಮ್ಮ. ಡೇರಿಯ ಮಂಡಳಿಯನ್ನು ಇಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿದವಳಿಗೆ ಇದರಲ್ಲಿ ತಿಳಿಯದೇ ಇರುವಂಥದ್ದು ಏನೂ ಇರಲಿಲ್ಲ.

ರಕ್ತದಲ್ಲಿ ಉಪ್ಪಿನ ಅಂಶ ಕಮ್ಮಿಯಿದೆ, ಈ ಕಾಯಿಲೆಯಲ್ಲಿ ಹಾಗಾಗುತ್ತದೆ ಎಂದಾಗ ಮಾತ್ರ ಅವಳು ಕೆರಳಿದಳು. ತಾನು ಸಾರಿಗೆ ಉಪ್ಪು ಹಾಕುವುದನ್ನು ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ ಎಂದಳು.

ಬೋರಯ್ಯನನ್ನು ಆಸ್ಪತ್ರೆಗೆ ಸೇರಿಸಿಕೊಂಡರು. ರಕ್ತವನ್ನೂ ಬೆನ್ನುಹುರಿಯ ನೀರನ್ನೂ ಬೆಂಗಳೂರಿಗೆ ಕಳಿಸಿದರು. ವರದಿ ಬರುವವರೆಗೆ ಕಾಯಬಾರದೆಂದು ಡಾಕ್ಟರು ಸ್ಟೀರಾಯ್ಡು ಡ್ರಿಪ್ಪಿನಲ್ಲಿ ಹಾಕಿಸಿದರು. ಹೊರಡುವ ಮುಂಚೆ ರಘುನಂದನ್ ತನಗೆ ಮುಖ್ಯವಾದುದನ್ನು ಕೇಳಿದ. "ಓಟು ಹಾಕುವಾಗ ಎದ್ದಿದ್ದೂ ಇದೇ ಅಲ್ವಾ ಡಾಕ್ಟ್ರೆ?"

"ಆ ಹೊತ್ತಿಗೆ ನಿಮ್ಮ ವಿಡಿಯೋದವರು ಎದ್ದು ಕುಣಿದಿದ್ದಾರೆ. ಬರೀ ಸೂರು ಕಾಣಿಸುತ್ತೆ. ಇದ್ದರೂ ಇರಬಹುದು. ಕಾಣದ್ದನ್ನ ನಾನು ಹೇಳಲ್ಲ."

ದೇವಿರಮ್ಮ ತನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡಳು.

ಡ್ರಿಪ್ಪು ಮುಗಿಯುವ ಹೊತ್ತಿಗೆ ಕೈ ನಿಂತುಹೋಯಿತು. ತಿಂಗಳು ಕಳೆಯುವುದರೊಳಗೆ ಬೋರಯ್ಯ ಹೆಂಡತಿಯನ್ನು ಮತ್ತೆ ಏಕವಚನಕ್ಕೆ ಇಳಿಸಿದ. ಬೆಂಗಳೂರಿನ ವರದಿಯೂ ಡಾಕ್ಟರ ಮಾತಿಗೇ ಹೂಂ ಎಂದಿತು. ಮಾತ್ರೆಗಳಿಂದ ಬೋರಯ್ಯನ ಮುಖ ಉಬ್ಬಿ ಕುಂಬಳಕಾಯಿಯಂತಾಗಿತ್ತು, ತೊಡೆ ತೋಳುಗಳ ಬಲ ಹೋಗಿತ್ತು. ಕಾಯಿಲೆಯ ತಿಂಗಳುಗಳು ಮಾತ್ರ ತಲೆಯಿಂದ ಪೂರ್ತಿ ಅಳಿಸಿಹೋಗಿದ್ದವು. ಡೇರಿಯ ಸಭೆಯೂ ಅದರಲ್ಲಿ ಹೋಯಿತು.

ದೇವಿರಮ್ಮ ಊರಿಗೆ ಬಂದ ಮೊದಲ ಬೆಳಿಗ್ಗೆಯೇ ಹಾಲಿನ ಸಾಲಿನಲ್ಲಿ ನಿಂತು ಸುದ್ದಿ ಹೇಳಿದಳು. "ಅವ್ನು ಎತ್ತಿದ್ದಲ್ಲ ಕಣ್ರವ್ವ. ಕಾಯ್ಲೆ ಎತ್ತಿದ್ದು. ಡಾಕ್ಟ್ರೇ ಏಳುದ್ರು." ಹೇಳುವಾಗ ಅವಳಿಗೆ ದೊಡ್ಡ ನೆಮ್ಮದಿ. ತಾನು ಮದುವೆಯಾದ ಹೇಡಿ ಹಾಗೆಯೇ ಇದ್ದಾನೆ, ಯಾವುದೂ ಬದಲಾಗಿಲ್ಲ. ಸ್ಟೂಲಿನ ಮೇಲಿದ್ದ ಅರುಂಧತಿ ಡಿಗ್ರಿ ನೋಡುವ ಲ್ಯಾಕ್ಟೋಮೀಟರನ್ನು ತೊಳೆದು ಬಟ್ಟೆಯಲ್ಲಿ ಒರೆಸಿದಳು.

ಸಂಜೆಯೊಳಗೆ ಇಡೀ ಊರು ನರರೋಗದಲ್ಲಿ ಪಾರಂಗತವಾಯಿತು. ಬೀಡಿ ಅಂಗಡಿಯ ಮುಂದೆ ಹುಡುಗರು ಕೈ ಎಗರಿಸಿ ಕೆನ್ನೆ ಜಗ್ಗಿ ತೋರಿಸುತ್ತಿದ್ದರು. ತಾನು ಮಾನ ಕಳೆಯಲು ಹಂಚಿದ ವಿಡಿಯೋ ಒಬ್ಬನ ಜೀವ ಉಳಿಸಿತಲ್ಲ ಎಂದು ಮಹದೇವುವಿಗೆ ಮೊದಲು ಬೇಜಾರಾಯಿತು. ನಾಲ್ಕಾರು ದಿನದ ಮೇಲೆ ಅದರಲ್ಲಿದ್ದ ಲಾಭ ಹೊಳೆದು, ಹಾರ್ಲಿಕ್ಸ್ ಬಾಟಲಿ ಹಿಡಿದು ಬೋರಯ್ಯನ ಜಗಲಿಗೆ ಬಂದ.

"ಅತ್ಗೆ, ಬೋರಣ್ಣುಂದು ಏನೂ ತಪ್ಪಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು."

"ಗೊತ್ತಿದ್ದೇ ಊರಿಗೆಲ್ಲ ಕಳ್ಸಿದ್ದಾ ಮಾದೇವ?"

"ಬುಡತ್ಗೆ ಅತ್ಲಾಗೆ. ನಾಳಿದ್ದು ಬೋರ್ಡ್ ಮೀಟಿಂಗು. ಉಡ್ಗೀನ ಖಾಯಂ ಮಾಡೋದೋ ಬುಡೋದೋ ಅಂತ. ಕಾಯ್ಲೆ ಕೈ ಓಟಲ್ಲ, ಅದ್ನ ತೆಗ್ದಾಕ್ಬೇಕು. ಬೋರಣ್ಣ ಬಂದು ಕೂತ್ರೆ ಸಾಕು, ಬಾಯಿ ಬುಡೋದೂ ಬ್ಯಾಡ."

ಬಂದು ಕೂತು ಬಾಯಿ ಬಿಡದೆ ಇರುವುದು. ಬೋರಯ್ಯ ಜೀವನವಿಡೀ ಮಾಡಿಕೊಂಡು ಬಂದ ಕೆಲಸ ಅದೊಂದೇ. ದೇವಿರಮ್ಮ ಕೂಡಲೇ ಒಪ್ಪಿದಳು. ಆ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂತರೆ ತನ್ನ ಕ್ಯಾನಿಗೂ ಒಳ್ಳೆಯದೆಂಬುದನ್ನು ಅವಳು ಮರೆತಿರಲಿಲ್ಲ.

ಸಭೆಯ ಹಿಂದಿನ ದಿನ ಅರುಂಧತಿ ಬಂದಳು. ಜಗಲಿ ಹತ್ತಲಿಲ್ಲ, ಕೂರಲೂ ಇಲ್ಲ. ದೇವಿರಮ್ಮ ಮೊರದಲ್ಲಿ ಅವರೆಕಾಳು ಹಿಡಿದು ಬಾಗಿಲಲ್ಲಿ ಕೂತಿದ್ದಳು.

"ಕೆಲಸ ಕೊಡ್ಸಿ ಅಂತ ಕೇಳೋಕೆ ಬಂದಿಲ್ಲ" ಎಂದಳು ಹುಡುಗಿ ಬೋರಯ್ಯನಿಗೆ. "ಅವತ್ತು ನೀವೇ ಕೈ ಎತ್ತಿದ್ರಾ, ಕಾಯಿಲೆನಾ? ಅಷ್ಟು ಗೊತ್ತಾದ್ರೆ ಸಾಕು."

ಬೋರಯ್ಯ ಅಂಗೈ ನೋಡಿಕೊಂಡ. "ನಂಗೊತ್ತಿಲ್ಲ ಕಣವ್ವ. ತಲೇಲಿ ಏನೂ ಇಲ್ಲ. ಎಷ್ಟು ಎಳ್ದ್ರೂ ಬತ್ತಾ ಇಲ್ಲ."

"ಆಯ್ತು" ಎಂದಳು ಅವಳು. ಹೊರಟವಳು ದೇವಿರಮ್ಮನ ಕಡೆ ತಿರುಗಿ, "ಅಮ್ಮ, ಈಗೊಂದ್ ವಾರದಿಂದ ನಿಮ್ಮ ಹಾಲು ಚೆನ್ನಾಗಿ ಬರ್ತಿದೆ" ಎಂದಳು. ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ದೇವಿರಮ್ಮ ಕಾಳು ಕೇರುವುದನ್ನು ಮುಂದುವರಿಸಿದಳು. ಈ ವಾರ ಚೊಂಬು ಮುಟ್ಟದೇ ಇದ್ದುದಕ್ಕೆ ಆಸ್ಪತ್ರೆಯ ಓಡಾಟದ ದಣಿವೇ ಕಾರಣ, ಬೇರೇನಲ್ಲ.

ಹುಡುಗಿ ಬೀದಿ ದಾಟಿದ ಮೇಲೆ ದೇವಿರಮ್ಮ ಗಂಡನಿಗೆ ಪಾಠ ಹೇಳಿದಳು. "ನಾಳೀಕೆ ಯಾರಾರ ಕೇಳುದ್ರೆ ನೆಪ್ಪಿಲ್ಲ ಅನ್ನು. ಸುಳ್ಳೂ ಅಲ್ಲ, ನಿಷ್ಠೂರಾನೂ ಇಲ್ಲ."

"ಊಂ" ಎಂದ ಬೋರಯ್ಯ.

ಸಭೆಯ ಸಂಜೆ ದೇವಿರಮ್ಮ ಕ್ಯಾನು ಹಿಡಿದು ಸಾಲಿನಲ್ಲಿ ನಿಂತು, ಬಾಗಿಲ ಹತ್ತಿರ ಬಂದಾಗ ಅಲ್ಲೇ ಊರಿಕೊಂಡಳು. ಮಹದೇವು ಬೋರಯ್ಯನ ತೋಳು ಹಿಡಿದು ಒಳಗೆ ಕರೆತಂದ. ಗೋಡೆಯ ಕೊನೆಯ ಕುರ್ಚಿಯ ಕಡೆ ಹೋಗಲು ಬಿಡಲಿಲ್ಲ. ಕಾಯಿಲೆಯಿಂದ ಎದ್ದವನಿಗೆ ಮರ್ಯಾದೆ ಕೊಡಬೇಕೆಂದು, ಅದಕ್ಕಿಂತ ಹೆಚ್ಚಾಗಿ ಉಬ್ಬಿದ ಮುಖ ಎಲ್ಲರಿಗೂ ಕಾಣಬೇಕೆಂದು, ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಮೇಜಿನ ಎದುರಿಗೇ ಕೂರಿಸಿದ. ಅಲ್ಲಿಂದ ಬೋರಯ್ಯನಿಗೆ ಯಾರ ಬೆನ್ನೂ ಕಾಣುತ್ತಿರಲಿಲ್ಲ, ಯಾರ ಕೈಯೂ ಕಾಣುತ್ತಿರಲಿಲ್ಲ. ಎದುರಿಗೆ ಕೆಂಪಸಿದ್ದಯ್ಯನ ಮುಖ, ಅದರ ಹಿಂದೆ ಒಂದು ಕ್ಯಾಲೆಂಡರು.

ಮಹದೇವು ಸಣ್ಣ ಭಾಷಣ ಮಾಡಿದ. ಬೋರಣ್ಣ ದೊಡ್ಡ ಮನುಷ್ಯ, ಪಾಪ, ಮಿದುಳಿನ ಉರಿಯೂತ, ಕೈ ತಾನಾಗಿ ಎದ್ದದ್ದು, ಎರಡು ಸೆಕೆಂಡು ಇದ್ದು ತಾನಾಗಿ ಬೀಳುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ. ಅದು ಲೆಕ್ಕಕ್ಕಿಲ್ಲ. ಕೆಂಪಸಿದ್ದಯ್ಯನಿಗೂ ಈಗ ಮೊದಲಿನ ಉತ್ಸಾಹವಿರಲಿಲ್ಲ. ಅವನ ಮನೆಯ ಕ್ಯಾನೂ ಹಿಂದಿನ ವಾರ ವಾಪಸ್ಸು ಬಂದಿತ್ತು. ಕಾಟಾಚಾರಕ್ಕೆ ಗಂಟಲು ಸರಿ ಮಾಡಿಕೊಂಡ.

"ಆಯ್ತು. ಇನ್ನೊಂದ್ಸಲ ಕೇಳ್ಬುಡ್ತೀನಿ. ಅರುಂಧತೀನೇ ಇರ್ಲಿ, ಖಾಯಂ ಆಗ್ಲಿ ಅನ್ನೋರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಒಬ್ಬರು ಎತ್ತಲೆಂದು ಇನ್ನೊಬ್ಬರು ಕಾಯುತ್ತಿದ್ದರು. ಊರಿನಲ್ಲಿ ಅರ್ಧ ಕೈ ಒಬ್ಬನದೇ ಅಲ್ಲವೆಂದು ಬಾಗಿಲಲ್ಲಿದ್ದ ದೇವಿರಮ್ಮನಿಗೆ ಆಗ ಹೊಳೆಯಿತು. ಇವನದಕ್ಕೆ ಹೆಸರಿತ್ತು, ಅಷ್ಟೆ. ಪಕ್ಕದ ಕೋಣೆಯಲ್ಲಿ ಅರುಂಧತಿ ಯಾರದೋ ಹಾಲನ್ನು ಅಳೆಯುವ ಸದ್ದು ಕೇಳುತ್ತಿತ್ತು.

ಬೋರಯ್ಯನ ಕೈ ಎದ್ದಿತು. ಚಿಮ್ಮಲಿಲ್ಲ. ನಿಧಾನವಾಗಿ ಎದ್ದಿತು, ಬಲವಿಲ್ಲದ ಕೈ ಏಳುವಂತೆ. ಕಿವಿಯ ಹತ್ತಿರ ಬಂದಾಗ ದೇವಿರಮ್ಮ ಉಸಿರು ಬಿಟ್ಟಳು. ಅದು ಕಿವಿಯಲ್ಲಿ ನಿಲ್ಲಲಿಲ್ಲ. ತಲೆಯ ಮೇಲಕ್ಕೆ ಹೋಗಿ ನಿಂತಿತು.

"ನೋಡಿ, ಇದೇ, ಇದೇ ಕಾಯ್ಲೆ" ಎಂದು ಮಹದೇವು ಫೋನು ತೆಗೆದ. "ಈಗ ಬೀಳ್ತದೆ ನೋಡಿ."

ಎಲ್ಲರೂ ಬೀಳುವುದನ್ನು ಕಾದರು. ಬಾಗಿಲಿನಿಂದ ದೇವಿರಮ್ಮನಿಗೆ ಗಂಡನ ಬಲಗೆನ್ನೆ ಕಾಣುತ್ತಿತ್ತು. ಅವಳು ಈ ಸಲ ಕೈ ನೋಡಲಿಲ್ಲ, ಕೆನ್ನೆಯನ್ನೇ ನೋಡಿದಳು. ಕುಂಬಳಕಾಯಿಯಂತೆ ಉಬ್ಬಿದ ಕೆನ್ನೆ ಅಲುಗಲಿಲ್ಲ. ತೋಳು ನಡುಗತೊಡಗಿತು. ಬೋರಯ್ಯ ಎಡಗೈಯನ್ನು ಬಲ ಮೊಳಕೈಗೆ ಆಸರೆ ಕೊಟ್ಟು ಹಿಡಿದ. ಹಿಂದೆ ಯಾರು ಎತ್ತಿದ್ದಾರೆ, ಯಾರು ಎತ್ತಿಲ್ಲ ಎಂದು ಕತ್ತು ತಿರುಗಿಸಿ ನೋಡಲಿಲ್ಲ.

ಸಾಲಿನಲ್ಲಿ ಹಿಂದಿದ್ದವಳು ದೇವಿರಮ್ಮನ ಬೆನ್ನು ತಿವಿದಳು. "ಮುಂದುಕ್ಕೋಗಕ್ಕ." ದೇವಿರಮ್ಮ ಜಾಗ ಬಿಡಲಿಲ್ಲ.

"ಸಾಕು ಇಳ್ಸು ಬೋರಣ್ಣ, ಕೈ ನೋಯ್ತದೆ" ಎಂದ ಕೆಂಪಸಿದ್ದಯ್ಯ.

"ಬರ್ಕಂಡ್ರಾ?"

"ಇನ್ನೂ ಇಲ್ಲ."

"ಬರ್ಕಳಿ. ಆಮ್ಯಾಲೆ ಇಳುಸ್ತೀನಿ."